ಹತ್ತು ಗಂಟೆಯ ಆರಾಧನೆ

ಈಸ್ಟರಿಗೆ ಮುಂಚಿನ ವ್ರತದ ದಿನಗಳಾದ ಲೆಂಟ್ ಕಾಲದ ಮೊದಲ ಭಾನುವಾರ ಮಧ್ಯಾಹ್ನ, ಊಟದ ಮುಂಚಿನ ಪ್ರಾರ್ಥನೆ ಮುಗಿದಾಗ ದೀನಮ್ಮ ಆಮೆನ್ ಅನ್ನಲಿಲ್ಲ.

ಮಿಕ್ಕವರೆಲ್ಲ ಅಂದರು. ಮಗ ಜಯಕರ ಅಂದ, ಸೊಸೆ ತನುಜ ಅಂದಳು, ಎಂಟನೇ ಕ್ಲಾಸಿನ ಮೊಮ್ಮಗಳು ಕೃಪಾ ಮುದ್ದೆಯ ಮೇಲೆ ಒಂದು ಕಣ್ಣಿಟ್ಟುಕೊಂಡೇ ಅಂದಳು. ಒಂದು ದನಿ ಕಡಿಮೆಯಾದದ್ದು ಎಲ್ಲರಿಗೂ ತಿಳಿಯಿತು. ನಲವತ್ತೊಂದು ವರ್ಷದಿಂದ ಆ ಮನೆಯಲ್ಲಿ ಪ್ರಾರ್ಥನೆ ಮಾಡುವವರು ದೀನಮ್ಮನ ಗಂಡ ಸಮಾಧಾನಪ್ಪ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಅನ್ನುವವಳು ದೀನಮ್ಮ.

ಸಮಾಧಾನಪ್ಪ ಕಣ್ಣು ಬಿಟ್ಟರು. "ಯಾಕೆ, ಗಂಟಲು ಕಟ್ಟಿದ್ಯಾ?"

"ಗಂಟಲು ಚೆನ್ನಾಗೇ ಇದೆ."

"ಮತ್ತೆ?"

"ಸಭೆ ಒಡೆಯೋ ಕೈಗಳನ್ನ ಮುರಿ ಕರ್ತನೇ ಅಂದ್ರಲ್ಲ, ಆ ಕೈ ಯಾರದ್ದು? ನನ್ನ ತಮ್ಮಂದು. ಅವನ ಕೈ ಮುರೀಲಿ ಅಂತ ನಾನು ಹೆಂಗ್ರೀ ಆಮೆನ್ ಅನ್ಲಿ?"

"ನಾನು ಹೆಸರು ಹೇಳ್ಲಿಲ್ಲ."

"ದೇವರಿಗೆ ಹೆಸರು ಬೇರೆ ಹೇಳ್ಬೇಕಾ?"

ಜಯಕರನಿಗೆ ನಗು ಬಂತು. ಅಪ್ಪನ ಮುಖ ನೋಡಿ ನುಂಗಿಕೊಂಡ. ಸಮಾಧಾನಪ್ಪ ಮುದ್ದೆ ಮುರಿದು ಸೊಪ್ಪಿನ ಸಾರಿಗೆ ಅದ್ದಿದರು, ಬಾಯಿಗೆ ಹಾಕಿಕೊಳ್ಳಲಿಲ್ಲ. ತಟ್ಟೆಯಲ್ಲೇ ಕೈ ತೊಳೆದುಕೊಂಡು ಎದ್ದರು.

ಸಮಾಧಾನಪ್ಪ ಹೈಸ್ಕೂಲಿನ ಹೆಡ್‌ಮೇಷ್ಟ್ರಾಗಿ ನಿವೃತ್ತರಾದವರು. ಚಿಂತಾಮಣಿಯ ಕಲ್ಲು ಚರ್ಚಿನ ಸಭೆಗೆ ಹದಿನಾರು ವರ್ಷದಿಂದ ಕಾರ್ಯದರ್ಶಿ. ಆ ಸಭೆಯಲ್ಲಿ ಕನ್ನಡದ ಮನೆಗಳು ಅರವತ್ತು, ತೆಲುಗಿನವು ನಲವತ್ತು. ತೆಲುಗಿನ ಆರಾಧನೆ ಬೆಳಿಗ್ಗೆ ಏಳಕ್ಕೆ, ಕನ್ನಡದ್ದು ಹತ್ತಕ್ಕೆ. ಹಳ್ಳಿಗಳಿಂದ ಬರುವ ತೆಲುಗಿನವರಿಗೆ ಮೊದಲ ಬಸ್ಸು ಸಿಗುವುದೇ ಏಳೂವರೆಗೆ. ತಿಂಗಳಲ್ಲಿ ಎರಡು ಭಾನುವಾರ ಹತ್ತು ಗಂಟೆಯ ಹೊತ್ತು ನಮಗೂ ಕೊಡಿ ಎಂದು ಅವರು ಕೇಳಿದರು. ಕಮಿಟಿ ಆಗುವುದಿಲ್ಲ ಎಂದಿತು. ಜನವರಿಯ ಕೊನೆಯ ಭಾನುವಾರ ಹತ್ತು ಗಂಟೆಯ ಆರಾಧನೆಯ ನಡುವೆ ಅವರು ಎದ್ದು ನಿಂತು ತೆಲುಗಿನಲ್ಲಿ ಹಾಡತೊಡಗಿದರು. ಮೈಕು ಆಫ್ ಆಯಿತು. ಹಿಂಬಾಗಿಲಲ್ಲಿ ಮೊದಲೇ ನಿಂತಿದ್ದ ನಾಲ್ಕು ಜನ ಯುವಕರು ಒಳಗೆ ನುಗ್ಗಿದರು. ನೂಕಾಟದಲ್ಲಿ ತೆಲುಗಿನವರ ಮುಖಂಡ ಯೇಸುರತ್ನಂನ ಕನ್ನಡಕ ಕಾಲ್ತುಳಿತಕ್ಕೆ ಸಿಕ್ಕಿ ಪುಡಿಯಾಯಿತು. ಅಂದಿನಿಂದ ಅವರ ಆರಾಧನೆ ರತ್ನಂನ ಮನೆಯಂಗಳದಲ್ಲಿ.

ಆ ರತ್ನಂ ದೀನಮ್ಮನ ಒಡಹುಟ್ಟಿದ ತಮ್ಮ. ಇಬ್ಬರೂ ಹುಟ್ಟಿದ ಆಂಧ್ರದ ಮದನಪಲ್ಲಿಯಿಂದ ಅಕ್ಕನ ಊರಿಗೇ ಬಂದು ಟೈಲರ್ ಅಂಗಡಿ ಇಟ್ಟವನು.

ಮರುವಾರ ರತ್ನಂನ ಮಗಳು ಅಮೃತ ಬಂದಳು. ನಾಲ್ಕು ವರ್ಷಕ್ಕೆ ತಾಯಿಯನ್ನು ಕಳೆದುಕೊಂಡ ಹುಡುಗಿ. ಅರ್ಧ ಬೆಳೆದದ್ದು ದೀನಮ್ಮನ ಅಡುಗೆಮನೆಯಲ್ಲೇ. ಈಗ ಚಿಕ್ಕಬಳ್ಳಾಪುರದಲ್ಲಿ ನರ್ಸು. ಗೌರಿಬಿದನೂರಿನ ವರ ಗೊತ್ತಾಗಿದ್ದ. ಈಸ್ಟರ್ ಆದ ಗುರುವಾರ ಮದುವೆ. ಅದಕ್ಕೂ ಮುಂಚೆ ಮೂರು ಭಾನುವಾರ ಸಭೆಯ ಮುಂದೆ ಹೆಸರು ಓದಿ, ಯಾರಿಗಾದರೂ ಆಕ್ಷೇಪಣೆ ಇದೆಯೇ ಎಂದು ಕೇಳಬೇಕು. ಓದಬೇಕಾದರೆ ಫಾರಂಗೆ ಕಾರ್ಯದರ್ಶಿಯ ಸಹಿ ಬೇಕು.

ಸಮಾಧಾನಪ್ಪ ಕನ್ನಡಕ ಹಾಕಿಕೊಂಡು ಪರೀಕ್ಷೆಯ ಉತ್ತರಪತ್ರಿಕೆ ಓದಿದಂತೆ ಫಾರಂ ಓದಿದರು. "ನಿಮ್ಮಪ್ಪ ಯಾಕಮ್ಮ ಬರ್ಲಿಲ್ಲ?"

"ಅಂಗಡೀಲಿ ಕೆಲ್ಸ ಜಾಸ್ತಿ ಮಾವ."

"ಲೆಂಟ್‌ನಲ್ಲಿ ಸುಳ್ಳು ಹೇಳ್ಬಾರ್ದು."

ಅಮೃತ ತಲೆ ತಗ್ಗಿಸಿದಳು. "ಅಪ್ಪ ಬರಲ್ಲ ಮಾವ."

"ಒಂದು ಕ್ಷಮಾಪಣೆ ಪತ್ರ ಬರ್ಕೊಡ್ಲಿ. ಎರಡು ಸಾಲು ಸಾಕು. ಆರಾಧನೆ ಕೆಡಿಸಿದ್ದು ತಪ್ಪಾಯ್ತು ಅಂತ. ಅವತ್ತೇ ಸೈನ್ ಹಾಕ್ತೀನಿ."

"ಅಪ್ಪನ ಕನ್ನಡಕ ಒಡೆದೋರೂ ಎರಡು ಸಾಲು ಬರೀತಾರಾ ಮಾವ?"

ಸಮಾಧಾನಪ್ಪ ಫಾರಂ ಮಡಚಿ ಮೇಜಿನ ಮೇಲಿಟ್ಟರು. ದೀನಮ್ಮ ತಂದ ಕಾಫಿ ಮುಟ್ಟದೆ ಅಮೃತ ಚಪ್ಪಲಿ ಮೆಟ್ಟಿಕೊಂಡಳು. ಗೇಟಿನ ತನಕ ಹೋದ ದೀನಮ್ಮನಿಗೆ, "ನೀನು ಬೇಜಾರು ಮಾಡ್ಕೋಬೇಡ ಅತ್ತೆ," ಎಂದವಳು ಕಣ್ಣು ಒರೆಸಿಕೊಂಡೇ ಹೋದಳು.

ಆ ಸಂಜೆ ಡ್ಯೂಟಿ ಮುಗಿಸಿ ಬಂದ ಜಯಕರ ವಿಷಯ ತಿಳಿದು ಅಪ್ಪನ ಎದುರಿಗೆ ನಿಂತ. ಅವನು ಸರ್ಕಾರಿ ಬಸ್ಸಿನ ಕಂಡಕ್ಟರು.

"ಅಪ್ಪಾ, ನಮ್ ಬಸ್ಸಲ್ಲಿ ಅರ್ಧ ಜನ ತೆಲುಗಲ್ಲಿ ಟಿಕೆಟ್ ಕೇಳ್ತಾರೆ, ಅರ್ಧ ಜನ ಕನ್ನಡದಲ್ಲಿ. ನಾನು ಯಾರನ್ನೂ ಕೆಳಗಿಳಿಸಲ್ಲ."

"ಬಸ್ಸೂ ದೇವಾಲಯವೂ ಒಂದೇ ಏನೋ?"

"ಅದೇ ನಾನೂ ಹೇಳೋದು. ಬಸ್ಸೇ ವಾಸಿ."

"ಲೋ, ಈ ಊರಲ್ಲಿ ಅಂಗಡಿಗೆ ಹೋದ್ರೆ ತೆಲುಗು, ಸಂತೆಗೆ ಹೋದ್ರೆ ತೆಲುಗು, ನಮ್ಮ ಅಡುಗೆಮನೇಲೂ ತೆಲುಗು. ಕನ್ನಡಕ್ಕೆ ಅಂತ ನಾವು ಉಳಿಸ್ಕೊಂಡಿರೋದು ವಾರಕ್ಕೆ ಒಂದೂವರೆ ಗಂಟೆ. ಅದನ್ನೂ ಕೊಟ್ಟು ಕೈ ತೊಳ್ಕೊಳ್ಳೋಣ್ವಾ?"

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ತನುಜ ಗಂಡನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು.

ಗುರುವಾರ ಸಂಜೆ ದೀನಮ್ಮ ತಮ್ಮನ ಮನೆಗೆ ಹೋದಳು. ಅಂಗಳದಲ್ಲಿ ಚಾಪೆ ಹಾಸಿ ಲೆಂಟಿನ ಪ್ರಾರ್ಥನೆ ಕೂಟ ನಡೆದಿತ್ತು. ಹೆಂಗಸರು ಸರಿದು ಜಾಗ ಕೊಟ್ಟರು. ಅಲ್ಲಿದ್ದ ಮುಖಗಳಲ್ಲಿ ಕೊಂಡಮ್ಮನದು ಇರಲಿಲ್ಲ. ಚರ್ಚಿನ ಹಿಂದಿನ ಒಂಟಿ ಕೋಣೆಯಲ್ಲಿದ್ದುಕೊಂಡು ಗುಡಿಸುವ, ಗಂಟೆ ಹೊಡೆಯುವ ತೆಲುಗಿನ ವಿಧವೆ ಅವಳು. ಪ್ರಾರ್ಥನೆ ಅಂದರೆ ತಪ್ಪಿಸಿದವಳಲ್ಲ.

"ಕೊಂಡಮ್ಮ ಬರ್ಲಿಲ್ವಾ?"

"ಅವಳನ್ನ ಯಾರು ಕರೀತಾರೆ?" ಎಂದಳು ಪಕ್ಕದವಳು. "ನಾವು ಹಾಡ್ತೀವಿ ಅಂತ ಮೇಷ್ಟ್ರ ಕಿವಿಗೆ ಊದಿದ್ದು ಅವಳೇ. ಇಲ್ದೆ ಹೋದ್ರೆ ಬಾಗಿಲಲ್ಲಿ ಆ ಹುಡುಗ್ರು ಹೆಂಗೆ ಬಂದ್ರು? ಅವಳ ಜೊತೆ ಮಾತು ಬಿಟ್ಟು ಎರಡು ತಿಂಗಳಾಯ್ತು."

ಊದಿದ್ದು ದೀನಮ್ಮ. ಹಾಡುವ ವಿಷಯವನ್ನು ಹಾಡುವವರ ಹೊರಗೆ ರತ್ನಂ ನಂಬಿ ಹೇಳಿದ್ದು ಅಕ್ಕನೊಬ್ಬಳಿಗೆ. ಅವಳು ಅದನ್ನು ಗಂಡನಿಗೆ ಹೇಳಿದ್ದಳು. ಕೆಟ್ಟದ್ದಕ್ಕಲ್ಲ; ಮೊದಲೇ ಗೊತ್ತಾದರೆ ರತ್ನಂನನ್ನು ಕರೆಸಿ ಮಾತಾಡಿಯಾರು ಎಂಬ ಆಸೆಗೆ. ಅವರು ರತ್ನಂನನ್ನು ಕರೆಸಲಿಲ್ಲ, ಹುಡುಗರನ್ನು ಕರೆಸಿದರು. ಇಷ್ಟು ದಿನ ತನ್ನ ತಪ್ಪು ತನ್ನ ಮನೆಯೊಳಗೇ ಇದೆ ಅಂದುಕೊಂಡಿದ್ದಳು. ಅದು ಇನ್ನೊಬ್ಬಳ ಕೊರಳಿಗೆ ಬಿದ್ದಿದೆ ಅನ್ನುವುದು ಗೊತ್ತಿರಲಿಲ್ಲ.

ಬಾಯಿ ತೆರೆಯಬೇಕು ಅಂದುಕೊಂಡಳು. ಅಷ್ಟರಲ್ಲಿ ರತ್ನಂ ಮೊಣಕಾಲೂರಿ, ನಮ್ಮನ್ನು ಆಚೆಗಟ್ಟಿದವರು ಲೋಕದ ಮುಂದೆ ನಾಚಿಕೆಪಡಲಿ ಎಂದು ತೆಲುಗಿನಲ್ಲಿ ಪ್ರಾರ್ಥಿಸತೊಡಗಿದ. ಗಂಡನ ಪ್ರಾರ್ಥನೆಯದೇ ದನಿ, ಭಾಷೆ ಬೇರೆ. ಮುಗಿದ ಮೇಲೆ ರತ್ನಂ ಹೇಳಿದ, "ಪತ್ರಗಿತ್ರ ಬರೆಯಲ್ಲ ಅಕ್ಕಾ. ಸೈನ್ ಸಿಗದಿದ್ರೆ ಛತ್ರದಲ್ಲಿ ಮದುವೆ. ಮದನಪಲ್ಲಿಯಿಂದ ಪಾದ್ರಿ ಅಯ್ಯಗಾರು ಬರ್ತಾರೆ. ಅವತ್ತಿಂದ ನಮ್ಮದೇ ಬೇರೆ ಸಭೆ. ನೀನು ಯಾವ ಕಡೆ ಅಂತ ಯೋಚನೆ ಮಾಡ್ಕೋ."

ದೀನಮ್ಮ ಎದ್ದು ಬಂದಳು.

ಮೂರನೆಯ ಭಾನುವಾರ ಕರ್ತನ ಭೋಜನ. ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಹೆಂಗಸರ ಸಾಲು ಎದ್ದಿತು. ದೀನಮ್ಮ ಏಳಲಿಲ್ಲ. ಸೆರಗು ತಲೆಯ ಮೇಲೆಳೆದುಕೊಂಡು ಬೆಂಚಿನಲ್ಲೇ ಕೂತಳು. ಕಾರ್ಯದರ್ಶಿಯ ಹೆಂಡತಿ ಕೂತದ್ದನ್ನು ಇಡೀ ಸಭೆ ನೋಡಿತು. ಆರಾಧನೆ ಮುಗಿದ ಮೇಲೆ ಅಯ್ಯನವರು ಬಾಗಿಲಲ್ಲಿ ಮೆಲ್ಲಗೆ ಕೇಳಿದರು. ಮೂವತ್ತು ದಾಟದ ಸಭಾಪಾಲಕರು. ಎರಡೂ ಕಡೆಯವರಿಗೆ ಹೆದರುತ್ತಿದ್ದರು. "ಯಾಕಮ್ಮ, ಹುಷಾರಿಲ್ವಾ?"

"ಮನಸ್ಸು ಹುಷಾರಿಲ್ಲ ಅಯ್ಯಾ. ಒಬ್ಬರಿಗೆ ಅನ್ಯಾಯ ಮಾಡಿದೀನಿ. ಅದು ಸರಿಹೋಗೋ ತನಕ ಬರಲ್ಲ."

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಸಮಾಧಾನಪ್ಪನ ದನಿ ಏರಿತು.

"ಸಭೆ ಮುಂದೆ ನನ್ನ ಮಾನ ಕಳೆದೆ!"

"ನಿಮ್ಮ ಮಾನದ ವಿಷಯ ಅಲ್ಲ ರೀ. ಕೊಂಡಮ್ಮನ ಮಾನ. ಅವಳು ಚಾಡಿ ಹೇಳಿದ್ಲು ಅಂತ ದೂರ ಇಟ್ಟಿದ್ದಾರೆ. ನಿಮಗೆ ಗೊತ್ತಾ?"

ಅವರು ಬಗ್ಗಿ ಚಪ್ಪಲಿ ಬಿಟ್ಟರು. "ಫೆಬ್ರವರೀಲಿ ನನ್ನ ಹತ್ರ ಬಂದಿದ್ಲು. ನಾನು ಹೇಳಿಲ್ಲ ಅಂತ ನೀವೇ ಹೇಳಿ ಮೇಷ್ಟ್ರೇ ಅಂತ."

"ಏನಂದ್ರಿ?"

"ಅದು ನಿಮ್ಮ ನಿಮ್ಮೊಳಗಿನ ವಿಷಯ ಅಂದೆ. ಇನ್ನೇನು ಅನ್ಲಿ? ಹೇಳಿದ್ದು ನನ್ನ ಹೆಂಡ್ತಿ ಅನ್ಲಾ? ನಿನ್ನ ಮರ್ಯಾದೆ ಕಾಪಾಡಿದ್ದಕ್ಕೆ ಇದೇನಾ ಬಹುಮಾನ?"

"ಅವಳ ಮರ್ಯಾದೆ ತೆಗೆದು ನನ್ನದನ್ನ ಕಾಪಾಡಿ ಅಂತ ನಾನು ಕೇಳಿದ್ನಾ?"

ಅಂದಿನಿಂದ ಸಮಾಧಾನಪ್ಪ ಮನೆಯಲ್ಲಿ ಉಣ್ಣುವುದು ಬಿಟ್ಟರು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಬೆಳಿಗ್ಗೆ ಇಡ್ಲಿ, ರಾತ್ರಿ ಚಪಾತಿ. ತನುಜ ದಿನಾ ಅವರ ಪಾಲಿನ ಮುದ್ದೆ ಕಟ್ಟಿ ಮುಚ್ಚಿಡುವಳು, ಮಾರನೆಯ ದಿನ ಬೆಳಿಗ್ಗೆ ಮಜ್ಜಿಗೆಗೆ ಹಾಕಿ ತಾನೇ ಕುಡಿಯುವಳು. "ಅತ್ತೆ, ನೀವಿಬ್ಬರೂ ದೇವರ ಹೆಸರಲ್ಲೇ ಜಗಳ ಆಡ್ತೀರ. ಅಂಬಲಿ ಕುಡಿಯೋಳು ಮಾತ್ರ ನಾನು," ಎಂದು ಒಂದು ದಿನ ಅಂದೇಬಿಟ್ಟಳು. ಆರನೆಯ ದಿನಕ್ಕೆ ಮಾವನ ಹೊಟ್ಟೆ ಕೆಟ್ಟಿತು. ಗಂಜಿಗಾಗಿ ಮನೆಗೇ ಬಂದರು, ಮಾತು ಮಾತ್ರ ಬರಲಿಲ್ಲ.

ಆ ದಿನಗಳಲ್ಲಿ ದೀನಮ್ಮ ಬೆಳಿಗ್ಗೆ ಐದಕ್ಕೆ ಎದ್ದು, ಒಲೆ ಹಚ್ಚುವ ಮುಂಚೆ ಅಡುಗೆಮನೆಯ ನೆಲದ ಮೇಲೆ ಕೂರತೊಡಗಿದಳು. ಮದುವೆಯಾಗಿ ಬಂದ ಮೊದಲ ವಾರ ಅತ್ತೆ ಹೇಳಿದ್ದರು: "ಈ ಮನೇಲಿ ಕನ್ನಡದಲ್ಲೇ ಪ್ರಾರ್ಥನೆ ಕಣಮ್ಮ. ನಿನಗೆ ಬರೋ ತನಕ ಸುಮ್ನೆ ಆಮೆನ್ ಅನ್ನು ಸಾಕು." ಕನ್ನಡ ಆರು ತಿಂಗಳಲ್ಲಿ ಬಂತು. ಪ್ರಾರ್ಥನೆ ಮಾತ್ರ ಬೇರೆಯವರ ಕೆಲಸವಾಗಿಯೇ ಉಳಿಯಿತು. ಈಗ ತಾನೇ ಮಾಡಹೊರಟರೆ ಬಾಯಿಗೆ ಬರುವುದೆಲ್ಲ ಗಂಡನ ವಾಕ್ಯಗಳು. ಎರಡು ದಿನ ಸುಮ್ಮನೆ ಕೂತು ಎದ್ದಳು. ಮೂರನೆಯ ದಿನ, ಅವ್ವ ರಾಗಿ ಬೀಸುವಾಗ ಕರೆಯುತ್ತಿದ್ದಂತೆ, "ತಂಡ್ರೀ" ಅಂದಳು. ತಂದೆಯೇ ಎಂಬ ಆ ಒಂದು ತೆಲುಗು ಮಾತಿಗೆ ಗಂಟಲು ಬಿಚ್ಚಿತು. ಗಂಡನ ಹಟ, ತಮ್ಮನ ಹಟ ಹೇಳಿಕೊಳ್ಳುವಾಗ ಮಾತು ಧಾರಾಳವಾಗಿ ಬಂತು. ತನ್ನದನ್ನು ಹೇಳಹೋದರೆ ಒಂದೊಂದೇ ಮಾತು ಬಂತು. ಅದನ್ನೂ ಹೇಳಿದಳು. ಹೇಳಿದಷ್ಟು ಹೊತ್ತೂ ಅತ್ತಳು.

ನೀರು ಕುಡಿಯಲು ಬಂದ ಕೃಪಾ ಬಾಗಿಲಲ್ಲೇ ನಿಂತಳು. "ಅಜ್ಜೀ, ಯಾರ ಜೊತೆ ತೆಲುಗಲ್ಲಿ ಮಾತಾಡ್ತಿದ್ದೀಯ?"

"ದೇವರ ಜೊತೆ ಕಣಮ್ಮ."

"ತಾತನಿಗೆ ಗೊತ್ತಾದ್ರೆ?"

"ಗೊತ್ತಾಗ್ಲಿ."

ಐದನೆಯ ಭಾನುವಾರ ಮೊದಲ ಪ್ರಕಟಣೆ ಆಗದಿದ್ದರೆ ಮದುವೆ ಆ ಚರ್ಚಿನಲ್ಲಿ ಆಗುವಂತಿರಲಿಲ್ಲ. ಅದಕ್ಕೆ ಮೂರು ದಿನ ಮುಂಚೆ, ಗುರುವಾರ, ದೀನಮ್ಮ ಮತ್ತೆ ತಮ್ಮನ ಅಂಗಳಕ್ಕೆ ಹೋದಳು. ಪ್ರಾರ್ಥನೆ ಶುರುವಾಗುವ ಮೊದಲೇ ನಿಂತಳು.

"ಕೊಂಡಮ್ಮ ಯಾರಿಗೂ ಏನೂ ಹೇಳಿಲ್ಲ. ಮೇಷ್ಟ್ರಿಗೆ ಹೇಳಿದ್ದು ನಾನು."

ರತ್ನಂ ಎದ್ದು ಬಂದ. ಹೊಸ ಕನ್ನಡಕದ ಹಿಂದೆ ಅವನ ಕಣ್ಣು ಚಿಕ್ಕವಾಗಿದ್ದವು.

"ಅಕ್ಕಾ, ನುವ್ವಾ?" ನೀನಾ ಎಂದು ಕೇಳಿದ ಆ ದನಿ ಕೂಗಿದ್ದರೂ ಅಷ್ಟು ನೋಯುತ್ತಿರಲಿಲ್ಲ.

"ಹೂಂ ಕಣೋ. ನಿಮ್ಮ ಬಾವ ನಿನ್ನ ಕರೆಸಿ ಮಾತಾಡ್ತಾರೆ ಅಂದ್ಕೊಂಡು ಹೇಳ್ದೆ. ಆಮೇಲೆ ಹೆದರಿ ಸುಮ್ನಿದ್ದೆ. ಕ್ಷಮಿಸು ಅಂತ ಕೇಳೋಕೆ ಬಂದೆ."

"ಹೋಗು," ಎಂದ ರತ್ನಂ. "ಈಗ ಹೋಗು ಅಕ್ಕಾ. ನನ್ನ ಬಾಯಲ್ಲಿ ಏನಾದ್ರೂ ಬರೋಕೆ ಮುಂಚೆ ಹೋಗು."

ಅಲ್ಲಿಂದ ಸೀದಾ ಚರ್ಚಿನ ಹಿಂದಿನ ಕೋಣೆಗೆ ಹೋದಳು. ಕೊಂಡಮ್ಮ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ದೀನಮ್ಮ ಹೇಳಿದ್ದೆಲ್ಲ ಕೇಳಿದಳು. ಮೊರದಿಂದ ಕಣ್ಣು ಎತ್ತಲಿಲ್ಲ.

"ನನಗೆ ಗೊತ್ತಿತ್ತು," ಎಂದಳು ಕೊನೆಗೆ.

"ಗೊತ್ತಿತ್ತಾ? ಮತ್ತೆ ಯಾಕೆ ಹೇಳ್ಲಿಲ್ಲ?"

"ಮೇಷ್ಟ್ರು ಜಾರ್ಕೊಂಡಾಗ್ಲೇ ಗೊತ್ತಾಯ್ತು. ಗಂಟೆ ಹೊಡೆಯೋಳ ಮಾತು ಯಾರು ನಂಬ್ತಾರೆ? ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ಬಹಳ ದಿನ ಕಾಯಿಸ್ದೆ ದೀನಮ್ಮ." ಕ್ಷಮಿಸಿದೆ ಎಂದು ಮಾತ್ರ ಅವಳು ಹೇಳಲಿಲ್ಲ.

ಶುಕ್ರವಾರ ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಾಗ ರತ್ನಂ ಬಂದ. ಎರಡು ತಿಂಗಳ ಮೇಲೆ ಆ ಹೊಸ್ತಿಲು ದಾಟಿದ್ದ. ಕೂತ್ಕೋ ಮಾವ ಎಂದ ಜಯಕರನ ಕಡೆ ನೋಡಲಿಲ್ಲ.

"ಪತ್ರ ತಂದ್ಯಾ?" ಎಂದರು ಸಮಾಧಾನಪ್ಪ, ಗಂಜಿಯ ಬಟ್ಟಲು ಕೆಳಗಿಟ್ಟು.

"ಪತ್ರಾನಾ? ನನ್ನ ಅಕ್ಕ ನಿಮ್ಮನ್ನ ನಂಬಿ ಒಂದು ಮಾತು ಹೇಳಿದ್ಲು ಬಾವಾ. ಆ ಮಾತಲ್ಲೇ ನನಗೆ ಹೊಡೆದ್ರಿ."

"ಆರಾಧನೆ ಕಾಪಾಡೋದು ನನ್ನ ಜವಾಬ್ದಾರಿ."

"ಯಾರಿಂದ? ಆರಾಧನೆ ಮಾಡೋಕೆ ಬಂದೋರಿಂದಾನಾ?"

"ಹಾಡು ನಿಲ್ಲಿಸಿ ಅಂತ ಮೂರು ಸಲ ಹೇಳ್ದೆ. ನಿಲ್ಲಿಸಿದ್ರಾ? ಅಯ್ಯನವರು ಪೀಠದಲ್ಲಿ ನಿಂತಿದ್ರು, ಅವರಿಗೆ ಬೆನ್ನು ಹಾಕಿ ಹಾಡಿದ್ರಲ್ಲೋ!"

"ಒಂದು ವರ್ಷ ಕೈಮುಗಿದು ಕೇಳಿದ್ವಿ. ಅವಾಗ ಕಿವಿ ಎಲ್ಲಿತ್ತು?"

ಇಬ್ಬರೂ ಎದ್ದು ನಿಂತಿದ್ದರು. ಜಯಕರ ನಡುವೆ ಬಂದು ನಿಂತ. ದೀನಮ್ಮ "ಸಾಕು, ಮಗು ಹೆದರ್ತದೆ" ಅನ್ನುವಷ್ಟರಲ್ಲಿ ಆ ಮಗುವೇ ಬಾಯಿಬಿಟ್ಟಿತು. ಹೆದರಿದಂತೆ ಕಾಣಲಿಲ್ಲ.

"ತಾತ, ಕೊಂಡಮ್ಮಜ್ಜಿ ಹೇಳಿಲ್ಲ ಅಂತ ನಿಮಗೆ ಮೊದ್ಲೇ ಗೊತ್ತಿತ್ತಲ್ವಾ?"

ಸಮಾಧಾನಪ್ಪ ಅವಳ ಕಡೆ ತಿರುಗಿದರು.

"ಸ್ಕೂಲಲ್ಲಿ ನೀವು ತಪ್ಪು ಮಾಡ್ದೋರು ಸಿಗೋ ತನಕ ಯಾರಿಗೂ ಏಟು ಕೊಡ್ತಿರ್ಲಿಲ್ಲ ಅಂತ ಅಪ್ಪ ಹೇಳ್ತಾರೆ." ಆಮೇಲೆ ರತ್ನಂ ಕಡೆ ನೋಡಿದಳು. "ನೀವೂ ಅಷ್ಟೇ ತಾತ. ಅವರನ್ನ ಒಂದು ಮಾತೂ ಕೇಳ್ದೇನೇ ಮಾತು ಬಿಟ್ರಿ."

ತನುಜ "ಏಯ್, ದೊಡ್ಡೋರ ಮಧ್ಯೆ ಮಾತಾಡ್ಬೇಡ" ಎಂದು ಗದರಿದಳು. ಗದರಿಕೆಯಲ್ಲಿ ಜೋರಿರಲಿಲ್ಲ. ದೀನಮ್ಮ ತಮ್ಮನಿಗೆ ತಟ್ಟೆ ಹಾಕಿದಳು. ಅವನು ಕೂರಲಿಲ್ಲ. ತನುಜ ಕೊಟ್ಟ ನೀರು ಮಾತ್ರ ಕುಡಿದು, ಲೋಟ ಕಿಟಕಿಯ ಮೇಲಿಟ್ಟು ಹೋದ. ಸಮಾಧಾನಪ್ಪ ಗಂಜಿಯನ್ನು ಹಾಗೇ ಬಿಟ್ಟು ಕೋಣೆ ಸೇರಿಕೊಂಡರು.

ಶನಿವಾರ ಬೆಳಿಗ್ಗೆ ಅವರು ಕ್ಷೌರ ಮಾಡಿಕೊಂಡು, ಇಸ್ತ್ರಿ ಷರಟು ಹಾಕಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು. ಕೈಯಲ್ಲಿ ಅಮೃತಳ ಫಾರಂ. ಸಹಿ ಬಿದ್ದಿತ್ತು.

"ಅಯ್ಯನವರಿಗೆ ಕೊಟ್ಟು ಬರ್ತೀನಿ. ಹತ್ತು ಗಂಟೆ ವಿಷಯದಲ್ಲಿ ಮಾತ್ರ ನಾನು ಬಗ್ಗಲ್ಲ. ಅದು ತಿಳ್ಕೋ."

"ಬಗ್ಗಬೇಡಿ. ಅವರನ್ನೂ ಕೂರಿಸ್ಕೊಂಡು ಕಮಿಟೀಲಿ ಜಗಳ ಆಡಿ. ಬಾಗಿಲಿಗೆ ಹುಡುಗ್ರನ್ನ ನಿಲ್ಲಿಸ್ಬೇಡಿ."

ಅವರು ಎರಡು ಹೆಜ್ಜೆ ಹೋಗಿ ನಿಂತರು. "ಬೆಳಿಗ್ಗೆ ಇಲ್ಲಿ ಕೂತು ಪ್ರಾರ್ಥನೆ ಮಾಡ್ತೀಯಲ್ಲ. ನನಗೆ ಕೇಳಿಸ್ತದೆ."

ದೀನಮ್ಮ ಕೈಕೆಲಸ ನಿಲ್ಲಿಸಿದಳು.

"ನನ್ನ ಹೆಸರೂ ಬರ್ತದೆ. ಬೈಗುಳಾನೋ ಪ್ರಾರ್ಥನೇನೋ ಗೊತ್ತಾಗಲ್ಲ."

"ಎರಡೂ," ಎಂದಳು ದೀನಮ್ಮ. "ತಿಂಡಿ ತಿನ್ಕೊಂಡು ಹೋಗಿ."

ಅವರು ತಿಂದು ಹೋದರು.

ಭಾನುವಾರ ಹತ್ತು ಗಂಟೆಯ ಆರಾಧನೆಗೆ ತೆಲುಗಿನವರು ಬಂದರು. ಎಲ್ಲರೂ ಅಲ್ಲ, ಮೂವತ್ತು ಜನ. ಮದುವೆಯ ಪ್ರಕಟಣೆ ಕೇಳಿ ಹೋಗುವುದಕ್ಕಷ್ಟೇ ಎಂದು ರತ್ನಂ ಮೊದಲೇ ಹೇಳಿಕಳಿಸಿದ್ದ. ಹಿಂದಿನ ಸಾಲುಗಳಲ್ಲಿ ಕೂತರು. ಅವರಲ್ಲೂ ಕೊಂಡಮ್ಮ ಬಾಗಿಲ ಪಕ್ಕದಲ್ಲಿ ಒಬ್ಬಳೇ ಕೂತಿದ್ದಳು. ದೀನಮ್ಮ ಮುಂದಿನ ಬೆಂಚಿನಿಂದ ಎದ್ದು, ಎಲ್ಲರೂ ನೋಡುತ್ತಿರುವಂತೆ, ಹಿಂದಕ್ಕೆ ನಡೆದು ಅವಳ ಪಕ್ಕದಲ್ಲಿ ಕೂತಳು. ಕೊಂಡಮ್ಮ ತಿರುಗಿ ನೋಡಲಿಲ್ಲ. ಸರಿದೂ ಕೂರಲಿಲ್ಲ.

ಪ್ರಕಟಣೆಗಳ ಹೊತ್ತಿಗೆ ಸಮಾಧಾನಪ್ಪ ಎದ್ದು ವೇದಿಕೆ ಹತ್ತಿದರು. ಕೂಟಗಳ ಹೊತ್ತು, ಮುಂದಿನ ವಾರದ ಗರಿಗಳ ಭಾನುವಾರದ ಮೆರವಣಿಗೆ, ಅಮೃತಳ ಮದುವೆಯ ಪ್ರಕಟಣೆ ಎಲ್ಲ ಓದಿದರು. ಕಾಗದ ಮಡಚಿ ಜೇಬಿಗಿಟ್ಟುಕೊಂಡರು. ಇನ್ನೂ ಇಳಿಯಲಿಲ್ಲ.

"ಇನ್ನೊಂದು ಮಾತು," ಎಂದರು. ನಲವತ್ತು ವರ್ಷ ಪಾಠ ಹೇಳಿದ ದನಿ ಬಹಳ ಸಣ್ಣದಾಗಿತ್ತು. "ಜನವರಿಯಲ್ಲಿ ನಡೆದ ವಿಷಯದಲ್ಲಿ ಕೊಂಡಮ್ಮನವರ ಮೇಲೆ ಒಂದು ಮಾತು ಬಂದಿದೆ. ಅದು ಸುಳ್ಳು. ಆ ಸುದ್ದಿ ಹೊರಟದ್ದು ನನ್ನ ಮನೆಯಿಂದ. ನನಗೆ ಗೊತ್ತಿದ್ದೂ ನಾನು ಹೇಳಲಿಲ್ಲ. ತಪ್ಪು ನನ್ನದು."

ಅವರು ಇಳಿಯಲು ಒಂದು ಕಾಲು ಕೆಳಗಿಟ್ಟರು. ಆಗ ಹಿಂದಿನಿಂದ ಕೊಂಡಮ್ಮನ ಕಂಚಿನ ಕಂಠ ಕೇಳಿತು.

"ವಿನಪಡಲೇದು ಮೇಷ್ಟ್ರೂ! ಮಳ್ಳೀ ಚೆಪ್ಪಂಡಿ."

ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಿ ಎಂದು ಅದರ ಅರ್ಥ. ಆ ಊರಿನಲ್ಲಿ ಅದು ಅರ್ಥವಾಗದವರು ಯಾರೂ ಇರಲಿಲ್ಲ. ಮುಂದಿನ ಸಾಲಿನ ಇಬ್ಬರು ಕಮಿಟಿಯವರು ಸಿಟ್ಟಿನಿಂದ ಹಿಂದಕ್ಕೆ ತಿರುಗಿದರು. ರತ್ನಂ ಬೆಂಚಿನ ಅಂಚು ಹಿಡಿದು ಕೂತಿದ್ದ. ದೀನಮ್ಮ ಗಂಡನ ಮುಖವನ್ನೇ ನೋಡುತ್ತಿದ್ದಳು. ಹೊರಟುಹೋಗುತ್ತಾರೆ, ಈಗ ಹೊರಟುಹೋಗುತ್ತಾರೆ ಅಂದುಕೊಂಡಳು.

ಸಮಾಧಾನಪ್ಪ ಕಾಲು ಮೇಲಕ್ಕೆ ಇಟ್ಟರು. ಮೈಕು ಹತ್ತಿರ ಎಳೆದುಕೊಂಡರು. ಮತ್ತೆ ಹೇಳಿದರು, ಮೊದಲ ಮಾತಿನಿಂದ, ತೆಲುಗಿನಲ್ಲಿ. ಹೆಂಡತಿಯ ಅಡುಗೆಮನೆಯಲ್ಲಿ ಕಿವಿಗೆ ಬಿದ್ದ ತೆಲುಗು ಅದು. ನಾಲಿಗೆಗೆ ಎಂದೂ ಬಂದದ್ದಲ್ಲ. ನಡುವೆ ಒಂದು ಮಾತು ಎಡವಿತು. ಕೊಂಡಮ್ಮ ಕೂತಲ್ಲಿಂದಲೇ ತಿದ್ದಿದಳು. ಹೆಡ್‌ಮೇಷ್ಟ್ರು ತಲೆಯಾಡಿಸಿ, ಅವಳು ಹೇಳಿಕೊಟ್ಟಂತೆ ಸರಿಮಾಡಿಕೊಂಡು, ಪೂರ್ತಿ ಹೇಳಿ ಮುಗಿಸಿದರು.